ಅವಳೊಬ್ಬಳೇ ಕೇಳಿದ್ದು

ಹಳೆಯ ಅಲಮಾರಿಯನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಕಳೆದ ತಿಂಗಳು ಖಾಲಿ ಮಾಡುತ್ತಿದ್ದೆ. ಅದರ ಬಾಗಿಲಿಗೆ ಒಂದು ಉದ್ದನೆಯ ಕನ್ನಡಿ. ನನ್ನ ಹೆಂಡತಿ ಹಣೆಯಿಂದ ತೆಗೆದು ಅಂಟಿಸುತ್ತಿದ್ದ ಟಿಕಳಿಗಳು ಕನ್ನಡಿಯ ಅಂಚಿನಲ್ಲಿ ಇನ್ನೂ ಹಾಗೇ ಇದ್ದವು. ಅಂಟು ಒಣಗಿ, ಬಣ್ಣ ಮಾಸಿ. ಅವುಗಳ ನಡುವೆ ಕಿತ್ತಳೆ ಬಣ್ಣದ ಒಂದು ಪುಟ್ಟ ಚೀಟಿ ಕಂಡಿತು. ಅದು ಟಿಕಳಿಯಲ್ಲ. ಕಿವಿ ಮಷಿನ್ನಿನ ಸೆಲ್ಲಿಗೆ ಹಚ್ಚಿರುವ ಚೀಟಿ. ಅದನ್ನು ಕಿತ್ತ ಮೇಲೆಯೇ ಸೆಲ್ಲಿಗೆ ಜೀವ ಬರುವುದು. ಕಿತ್ತದ್ದನ್ನು ಎಸೆಯುವ ಬದಲು ಟಿಕಳಿಯ ಸಾಲಿನಲ್ಲೇ ಅಂಟಿಸಿದ್ದಳು. ಉಗುರಿನಿಂದ ಎಬ್ಬಿಸಲು ಹೋದೆ. ಮನಸ್ಸಾಗಲಿಲ್ಲ. ಅಲಮಾರಿ ಇನ್ನೂ ಮನೆಯಲ್ಲೇ ಇದೆ…

ನಾನು ಕಾಚಿಗೂಡ ಸ್ಟೇಷನ್ನಿನ ಹತ್ತಿರ ಒಂದು ಲಾರಿ ಪಾರ್ಸೆಲ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮನೆ ನಾರಾಯಣಗೂಡದ ಒಂದು ಗಲ್ಲಿಯಲ್ಲಿ. ಅವಳು ಕೊಪ್ಪಳದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಮಗಳು ಹುಟ್ಟಿದ ಮೇಲೆ ಅವಳ ಕಿವಿ ಮಂದವಾಗುತ್ತ ಹೋಯಿತು. ಇಂಥ ದಿನ ಶುರುವಾಯಿತೆಂದು ಹೇಳಲು ಬರುವುದಿಲ್ಲ. ಯಾವಾಗಲೋ ಅವಳು ನನ್ನ ತುಟಿಗಳನ್ನು ನೋಡಿ ಮಾತು ತಿಳಿಯುವುದನ್ನು ಕಲಿತಿದ್ದಳು. ಯಾವಾಗಲೋ ನಾನೂ ಅವಳ ಎದುರಿಗೆ ಹೋಗಿ ನಿಂತೇ ಬಾಯಿ ತೆರೆಯುವುದನ್ನು ಕಲಿತಿದ್ದೆ. ಇಬ್ಬರೂ ಅದನ್ನು ಒಂದು ಕಷ್ಟವೆಂದು ಎಣಿಸಿರಲಿಲ್ಲ.

ಆದರೆ ಅವಳಿಗೆ ತಿಳಿಯುತ್ತಿದ್ದುದು ಕನ್ನಡದ ತುಟಿಗಳು ಮಾತ್ರ. ಅವಳ ತೆಲುಗು ಮೊದಲೇ ಅಷ್ಟಕ್ಕಷ್ಟೆ. ಹೊಸ್ತಿಲು ದಾಟಿದರೆ ಎಲ್ಲರ ತುಟಿಗಳೂ ತೆಲುಗಿನಲ್ಲೋ ಹಿಂದಿಯಲ್ಲೋ ಆಡುತ್ತಿದ್ದವು. ಕೋಠಿಯ ಬಟ್ಟೆ ಅಂಗಡಿಯಲ್ಲಿ, ಆಟೋದಲ್ಲಿ, ಡಾಕ್ಟರ ಹತ್ತಿರ, ಎಲ್ಲ ಕಡೆ ನಾನು ಕೇಳಿ ಅವಳಿಗೆ ಹೇಳುತ್ತಿದ್ದೆ. ಹುಬ್ಬಳ್ಳಿಗೆ ಕೊಟ್ಟ ಮಗಳು ಫೋನು ಮಾಡಿದರೂ ಅಷ್ಟೇ. ನಾನಿಲ್ಲದ ಕಡೆ ಅವಳಿಗೊಂದು ಉಪಾಯವಿತ್ತು. ಎದುರಿನವರು ಏನು ಹೇಳಿದರೂ ನಕ್ಕು, "ಮಂಚಿದಿ, ಮಂಚಿದಿ" ಅನ್ನುವುದು. ಒಳ್ಳೆಯದು, ಒಳ್ಳೆಯದು. ಬಹಳ ವರ್ಷ ಅದರಲ್ಲೇ ದಿನ ಹೋದವು.

ಒಂದು ಬೆಳಗ್ಗೆ ಅವಳು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ನಾನು ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಎದುರು ಮನೆಯ ತೆಲುಗಿನ ಹೆಂಗಸು ತವರಿನಿಂದ ಬಂದು ಆಟೋ ಇಳಿದರು. ಚೀಲ ಕೆಳಗಿಟ್ಟು, ತಾಯಿ ತೀರಿಕೊಂಡದ್ದನ್ನು ನನ್ನ ಹೆಂಡತಿಗೆ ಹೇಳಿದರು. ಇವಳು ರಂಗೋಲಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮುಖ ಅರಳಿಸಿ, "ಮಂಚಿದಿ, ಚಾಲಾ ಮಂಚಿದಿ" ಅಂದಳು.

ಆ ಹೆಂಗಸಿನ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಓಡಿಹೋಗಿ, ಇವಳಿಗೆ ಕಿವಿ ಕೇಳಿಸದೆಂದು ಅವರಿಗೆ ತಿಳಿಸಿದೆ. ಪರವಾಗಿಲ್ಲ ಅಂದರು, ಒಳಗೆ ಹೋದರು. ಸಂಜೆ ನಾನು ಮನೆಗೆ ಬಂದಾಗ ಅವಳು ದೀಪ ಹಚ್ಚಿ ನನಗಾಗಿ ಕಾಯುತ್ತಿದ್ದಳು.

"ಅವರು ಏನಂದ್ರು? ಖರೇ ಹೇಳ್ರಿ," ಅಂದಳು.

ಹೇಳಿದೆ. ದೀಪದ ಬತ್ತಿ ಸರಿಮಾಡಿದಳು. ಆಮೇಲೆ, "ನಾ ಇನ್ನ ಹೊರಗ ಬರಂಗಿಲ್ಲರಿ," ಅಂದಳು.

ಹಾಗೇ ಮಾಡಿದಳು. ರಂಗೋಲಿಯನ್ನು ಒಳಗಿನ ದೇವರ ಮುಂದೆ ಮಾತ್ರ ಹಾಕತೊಡಗಿದಳು. ತರಕಾರಿ ನಾನೇ ತರುತ್ತಿದ್ದೆ. ಎದುರು ಮನೆಯ ಬಾಗಿಲು ತೆರೆದರೆ ನಮ್ಮ ಬಾಗಿಲು ಮುಚ್ಚುತ್ತಿತ್ತು. ಕಿವಿಗೆ ಮಷಿನ್ ಹಾಕಿಸೋಣ ಅಂತ ನಾನು ಅಂದಾಗಲೆಲ್ಲ, ಅವಳಿಗೆ ಊರಲ್ಲಿ ಯಾರೋ ಮುದುಕರು ಎದೆಗೆ ಡಬ್ಬಿ ತೂಗಿಸಿಕೊಂಡು, ಕಿವಿಗೆ ವಯರು ಹಾಕಿಕೊಂಡು ತಿರುಗುತ್ತಿದ್ದುದು ನೆನಪಾಗುತ್ತಿತ್ತು. "ನನಗೂ ರೇಡಿಯೋ ಕಟ್ಟಿ ಮೆರವಣಿಗಿ ಮಾಡ್ತೀರೇನು?" ಅನ್ನುತ್ತಿದ್ದಳು. ಕೊನೆಗೆ ಅದು ಹೇಗೆ ಒಪ್ಪಿದಳೋ… ಅಂತೂ ಒಂದು ದಿನ ಕೋಠಿಯ ಹತ್ತಿರದ ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ ಹೋದೆವು.

ಅಲ್ಲಿದ್ದ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು, ತೆಲುಗಿನವರು. ಗಾಜಿನ ಕೋಣೆಯಲ್ಲಿ ಕೂರಿಸಿ ಸಣ್ಣ ಸಣ್ಣ ಸದ್ದು ಕೇಳಿಸಿದರು. ಆಮೇಲೆ ಬಾಯಿಗೆ ಒಂದು ರಟ್ಟು ಅಡ್ಡ ಹಿಡಿದು ಒಂದೊಂದೇ ತೆಲುಗು ಪದ ಹೇಳಿ, ತಿರುಗಿ ಹೇಳಿ ಅಂದರು. ಅವಳಿಗೆ ಒಂದೂ ಬರಲಿಲ್ಲ. ಮೇಡಂ ನನ್ನ ಕಡೆ ತಿರುಗಿ, "ಅಂಕಲ್, ಇನ್ಕೋ ಬಡಾ ಮಷೀನ್‌ಚ್ ಹೋನಾ," ಅಂದು ಕಪಾಟಿನಿಂದ ಡಬ್ಬಿ ತೆಗೆದರು. ದೊಡ್ಡ ಮಷಿನ್ನೇ ಬೇಕು. ಅದೇ, ವಯರಿನದು. ಅವಳು ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟಳು.

ಅವಳಿಗೆ ತೆಲುಗೇ ಸರಿಯಾಗಿ ಬಾರದು, ಬಾರದ ಭಾಷೆಯಲ್ಲಿ ಯಾರ ಕಿವಿಯಾದರೂ ಸೋಲುತ್ತದೆ ಅಂತ ಹೇಳಿದೆ. ಮೇಡಂ ಹಣೆ ಮುಟ್ಟಿಕೊಂಡರು. ಅವರ ಹತ್ತಿರ ಕನ್ನಡದ ಪದಗಳಿರಲಿಲ್ಲ. ನೀವೇ ಹಿಂದೆ ನಿಂತು, ಬಾಯಿ ಮುಚ್ಚಿಕೊಂಡು ಹೇಳಿ ಅಂದರು. ನಾನು ಅವಳ ಕುರ್ಚಿಯ ಹಿಂದೆ ಕರವಸ್ತ್ರ ಹಿಡಿದು ನಿಂತೆ. ಉಪ್ಪು ಅಂದೆ. ಉಪ್ಪು ಅಂದಳು. ಚಾ ಅಂದೆ. ಚಾ ಅಂದಳು. ಅಂಗಿ ಅಂದೆ, ಅದೂ ಬಂತು. ನನಗೆ ಹುರುಪು ಬಂದು ಗಂಟಲು ಸರಿಮಾಡಿಕೊಂಡೆ.

"ಚಾವಿ," ಅಂದಳು.

ನಾನಿನ್ನೂ ಏನೂ ಹೇಳಿರಲಿಲ್ಲ.

"ಚಾವಿ ಸಿಗಲಿಲ್ಲಂದ್ರ ಹಿಂಗಽ ಕೆಮ್ಮತೀರಲ್ರಿ ನೀವು," ಅಂದಳು ಗೋಡೆಯನ್ನು ನೋಡುತ್ತ.

ನಾನು ಅದನ್ನು ಹಿಂದಿಯಲ್ಲಿ ಹೇಳಿದ ಮೇಲೆ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ, ಮೆಲ್ಲಗೆ, ನಿಮ್ಮ ದನಿಯಿಂದ ಮಷಿನ್ ಆರಿಸುವುದು ಆಗದು ಅಂಕಲ್, ಅಂದರು. ನಿಮ್ಮನ್ನು ಇವರು ಕಿವಿಯಿಂದ ಕೇಳುತ್ತಿಲ್ಲ. ಕನ್ನಡ ಬರುವ, ಇವರಿಗೆ ಬಳಕೆಯಿಲ್ಲದ ದನಿಯೊಂದನ್ನು ಕರೆದುಕೊಂಡು ಬನ್ನಿ.

ಆಗ ಊರಿನ ಪಡುವಣ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ನಮ್ಮಂಥ ಹಳೆಯ ಗಲ್ಲಿಗಳಲ್ಲೂ ಮಹಡಿಯ ಕೋಣೆಗಳಿಗೆ ಸಾಫ್ಟ್‌ವೇರಿನ ಹುಡುಗ ಹುಡುಗಿಯರು ಬಾಡಿಗೆಗೆ ಬಂದಿದ್ದರು. ನಮ್ಮ ಮೇಲಿನ ಕೋಣೆಯಲ್ಲಿ ಮೈಸೂರಿನ ಒಬ್ಬ ಹುಡುಗಿ ಇದ್ದಳು. ಕಂಪನಿಯ ಗಾಡಿ ಹಾರ್ನ್ ಹೊಡೆದ ಕೂಡಲೇ ದಡದಡ ಇಳಿದು ಓಡುವಳು. ಇಳಿಯುವಾಗ ನಮ್ಮ ಬಾಗಿಲಲ್ಲಿ ಒಂದು ಮಾತು ಆಡಿಯೇ ಹೋಗುವಳು, ಆ ಓಟದಲ್ಲಿ ತುಟಿ ತಿಳಿಯದೆ ಇವಳು ನಕ್ಕು ಒಳಗೆ ಹೋಗುವಳು. ಒಮ್ಮೆ ಆ ಹುಡುಗಿ ನನ್ನನ್ನು ನಿಲ್ಲಿಸಿ, "ಅಂಕಲ್, ಆಂಟಿಗೆ ನನ್ನ ಕಂಡ್ರೆ ಆಗಲ್ವಾ?" ಅಂತ ಕೇಳಿದ್ದಳು. ಆಗ ಏನೋ ಹಾರಿಕೆಯ ಉತ್ತರ ಕೊಟ್ಟಿದ್ದೆ. ಈಗ ಎಲ್ಲವನ್ನೂ ಹೇಳಿದೆ. ಶನಿವಾರ ರಜೆ ಇದೆ, ಬರ್ತೀನಿ ಅಂದಳು.

ಕ್ಲಿನಿಕ್ಕಿನಲ್ಲಿ, ಬರಿಗಿವಿಗೆ ಆ ಹುಡುಗಿಯ ಮಾತು ನನ್ನ ಹೆಂಡತಿಗೆ ಹತ್ತಕ್ಕೆ ಎರಡೂ ತಲುಪಲಿಲ್ಲ. ವಯರಿನ ಡಬ್ಬಿ ಹಾಕಿದರೆ ಎರಡೂ ಕೈಯಿಂದ ಕಿತ್ತು ತೆಗೆದಳು. "ತಲಿಯೊಳಗ ಗಿರಣಿ ಹೂಡಿದಂಗಾತು," ಅಂದಳು. ಆಮೇಲೆ ಮೇಡಂ ಕಿವಿಯ ಹಿಂದೆ ಕೂರುವ ಒಂದು ಸಣ್ಣ ಮಷಿನ್ ಹಾಕಿ, ತಿರುಗಿಸಿ, ತಗ್ಗಿಸಿ, ಏರಿಸಿ, ಹುಡುಗಿಗೆ ಸನ್ನೆ ಮಾಡಿದರು.

"ಕಿಟಕಿ," ಅಂದಳು ಹುಡುಗಿ, ಬಾಯಿ ಮುಚ್ಚಿಕೊಂಡು.

"ಕಿಟಕಿ…" ಅಂದಳು ನನ್ನ ಹೆಂಡತಿ.

ಮಳೆ ಅನ್ನುವುದೂ ಬಂತು. ತಂಗಿ ಬಂತು. ಒಂದೆರಡು ತಪ್ಪಿದವು. ಮತ್ತೆ ಬಂದವು. ಆಮೇಲೆ ಅವಳು ಪರೀಕ್ಷೆಯನ್ನೇ ಮರೆತು ಹಿಂದಕ್ಕೆ ತಿರುಗಿ ಆ ಹುಡುಗಿಯನ್ನು ನೋಡಿದಳು.

"ನಿಂದು ಇಷ್ಟ ಸಣ್ಣ ದನಿ ಏನವ್ವಾ? ನಾ ಭಾಳ ದಪ್ಪ ದನಿ ಅಂತ ತಿಳಕೊಂಡಿದ್ದೆ."

"ಅದ್ಯಾಕಾಂಟಿ?"

"ನೀ ಮೆಟ್ಟಲಾ ಇಳಿಯೂ ಮುಂದ ಇಡೀ ಮನಿ ಅಲುಗಾಡ್ತಿತ್ತು ನೋಡು!"

ಹುಡುಗಿ ನಗುತ್ತ ನಗುತ್ತ ಅತ್ತುಬಿಟ್ಟಳು. ನಾವು ಅದೇ ಮಷಿನ್ ತೆಗೆದುಕೊಂಡೆವು. ಕಿವಿಯ ಅಚ್ಚು ತೆಗೆದು, ಅದಕ್ಕೆ ಹೊಂದುವ ಬಿರಡೆ ಮಾಡಿಸಿ, ಕೆಲವು ದಿನಗಳ ಮೇಲೆ ಕೊಟ್ಟರು. ಸಂತೆಯಂಥ ಗದ್ದಲದಲ್ಲಿ ಅದೂ ಅಷ್ಟು ಕೆಲಸ ಮಾಡದು ಅಂತ ಮೇಡಂ ಮೊದಲೇ ಹೇಳಿದ್ದರು.

ಮೊದಲ ದಿನವೇ ನಾನು ಸಿಕ್ಕಿಬಿದ್ದೆ. ಚಹಾ ಕುಡಿಯುತ್ತಿದ್ದವನನ್ನು ಕಣ್ಣು ದೊಡ್ಡದು ಮಾಡಿ ನೋಡಿದಳು. "ಇಷ್ಟ ವರ್ಷ ಹಿಂಗಽ ಸುರ್‍ ಅಂತ ಕುಡೀತಿದ್ರೇನ್ರಿ? ಮಂದಿ ಮನ್ಯಾಗೂ?" ಸೆರಗು ತಲೆಯ ಮೇಲೆ ಹೊದೆಯುವ ರೂಢಿ ಅವಳದು. ಬಟ್ಟೆ ಮಷಿನ್ನಿಗೆ ತಾಗಿದರೆ ಕರಕರ ಸದ್ದು, ಮಾತೇ ಕೇಳದು. ಕೆಲವು ದಿನ ಒದ್ದಾಡಿದಳು. ಕೊನೆಗೆ ಆ ಒಂದು ಕಿವಿ ಹೊರಗಿರುವಂತೆ ಸೆರಗನ್ನು ಹಿಂದಕ್ಕೆ ಸಿಕ್ಕಿಸಿಕೊಂಡಳು. ಊರಿನಿಂದ ಹಿರಿಯರು ಬಂದಾಗಲೂ ಅದನ್ನು ಮುಂದಕ್ಕೆ ಎಳೆಯಲಿಲ್ಲ.

ಮಷಿನ್ ರೂಢಿಯಾದ ಮೇಲೆ ಅವಳು ಮೊದಲು ಹೊರಟದ್ದು ಎದುರು ಮನೆಗೆ. ನಾನೂ ಎದ್ದೆ.

"ನೀವು ಬ್ಯಾಡ್ರಿ," ಅಂದಳು.

ಗಲ್ಲಿ ದಾಟಿ ಹೋದಳು. ಆ ಬಾಗಿಲು ತೆರೆಯಿತು, ಮುಚ್ಚಿತು. ದೀಪ ಹಚ್ಚುವ ಹೊತ್ತಿಗೆ ಬಂದಳು, ಕಣ್ಣು ಕೆಂಪಾಗಿದ್ದವು. ಏನಾಯಿತು ಅಂದೆ.

"ನಿಮ್ಮ ಅವ್ವನ ಸುದ್ದಿ ಇನ್ನೊಮ್ಮೆ ಹೇಳ್ರಿ ಅಂದೆ. ಹೇಳಿದ್ರು."

"ಎಲ್ಲಾ ತಿಳೀತೇನು?"

"ಅರ್ಧಾ ತೆಲುಗು ತಿಳೀಲಿಲ್ಲ. ಆದ್ರ ಕೇಳಿಸ್ತು."

ಅಷ್ಟೇ ಹೇಳಿದಳು. ಒಳಗೆ ಹೋಗಿ ಅನ್ನಕ್ಕಿಟ್ಟಳು.

ಆಮೇಲೆ ಅವಳು ಮತ್ತೆ ಹೊರಗೆ ತಿರುಗಾಡತೊಡಗಿದಳು. ತರಕಾರಿಗೆ ತಾನೇ ಹೋದಳು. ತೆಲುಗು ತಪ್ಪು ತಪ್ಪಾಗಿ, ಧೈರ್ಯವಾಗಿ ಬರತೊಡಗಿತು. ಮಗಳ ಫೋನು ಬಂದರೆ ಅದನ್ನು ಕಿವಿಯ ಹಿಂದೆ ಹಿಡಿದು ಒಳಕೋಣೆಗೆ ಹೋಗುವಳು, ಅಲ್ಲಿಂದ ನಗು ಕೇಳಿಬರುವುದು. ಸಂಜೆ ನಾನು ಮನೆಗೆ ಬಂದ ಮೇಲೆ ಮಾತ್ರ ಮಷಿನ್ ತೆಗೆದು ಡಬ್ಬಿಯಲ್ಲಿಡುತ್ತಿದ್ದಳು. ಯಾಕೆ ಅಂದರೆ, "ನಿಮ್ಮ ಮಾತಿಗ್ಯಾಕ ಸೆಲ್ ಸುಡೂದ್ರಿ?" ಅನ್ನುವಳು. ನಾನು ನಗುತ್ತಿದ್ದೆ. ಅವಳ ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ ಮಾತಾಡುತ್ತಿದ್ದೆ. ನಮ್ಮಿಬ್ಬರ ನಡುವೆ ಏನೂ ಬದಲಾಗಲಿಲ್ಲ ಅಂದುಕೊಂಡಿದ್ದೆ.

ಹೋದ ವರ್ಷ ಅವಳು ತೀರಿಕೊಂಡಳು. ಎದೆನೋವು ಅಂದಳು, ಆಸ್ಪತ್ರೆ ಸೇರುವಷ್ಟರಲ್ಲಿ… ಆಗಿಹೋಯಿತು.

ಮಾತಾಡಿಸಲು ಬಂದವರಲ್ಲಿ ಅರ್ಧ ಜನರನ್ನು ನಾನು ನೋಡಿಯೇ ಇರಲಿಲ್ಲ. ಮೊದಲೆಲ್ಲ ಅವಳ ಕಿವಿಗೆ ಬಿದ್ದ ಮಾತೆಲ್ಲ ನನ್ನ ಮೂಲಕವೇ ಹೋದದ್ದು. ಅವಳಿಗೆ ಯಾರು ಏನಂದರೆಂದು ಇಡೀ ಊರಿನಲ್ಲಿ ಬಲ್ಲವನು ನಾನೊಬ್ಬನೇ. ಮಷಿನ್ ಬಂದ ಮೇಲಿನ ವರ್ಷಗಳು ಹಾಗಲ್ಲ. ಆ ವರ್ಷಗಳಲ್ಲಿ ಅವಳು ಏನೇನು ಕೇಳಿದಳು, ಏನೇನು ಹೇಳಿದಳು, ನನಗೆ ಗೊತ್ತಿಲ್ಲ. ಅವಳೇನೂ ಮುಚ್ಚಿಡಲಿಲ್ಲ. ಎಲ್ಲ ಹೆಂಗಸರಂತೆ ಆಡಿದಳು, ಕೇಳಿದಳು, ಮನೆಗೆ ಬಂದು ಅಡಿಗೆ ಮಾಡಿದಳು. ನಾನೂ ಕೇಳಲಿಲ್ಲ. ಮುಂದೆ ಕೇಳಿದರಾಯಿತು ಅಂತಲೂ ಅಂದುಕೊಂಡಿರಲಿಲ್ಲ. ಹಾಗೆ ಯಾರು ಅಂದುಕೊಳ್ಳುತ್ತಾರೆ…

ಮೊನ್ನೆ ಮೂಲೆಯಲ್ಲಿ ಸೊಪ್ಪು ಮಾರುವ ಹೆಂಗಸು ನನ್ನನ್ನು ಗುರುತಿಸಿ, ಅಮ್ಮ ಎಷ್ಟು ನಗಿಸುತ್ತಿದ್ದರು ಗೊತ್ತಾ ಅಂತ ತೆಲುಗಿನಲ್ಲಿ ಅಂದಳು. ನನಗೆ ಆಶ್ಚರ್ಯವಾಯಿತು. ಮನೆಯಲ್ಲಿ ಅವಳು ತಮಾಷೆ ಮಾಡುತ್ತಿದ್ದಳು ನಿಜ, ಆದರೆ ಬೀದಿಯಲ್ಲಿ ನಿಂತು ತೆಲುಗಿನಲ್ಲಿ ನಗಿಸುವ ಹೆಂಗಸು ನಾನು ಕಂಡವಳಲ್ಲ. ಏನು ಹೇಳಿ ನಗಿಸುತ್ತಿದ್ದಳು, ಒಂದಾದರೂ ಹೇಳು ಅಂತ ಕೇಳಿದೆ. ಆಕೆ ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದಳು. ನಾನು ಕಾದೆ.

"ಯಾದಿಕಿ ಲೇದು ಸಾರ್… ಕಾನಿ ಮಸ್ತು ನವ್ವಿನಂ," ಅಂದಳು.

ನೆನಪಿಲ್ಲವಂತೆ. ಆದರೆ ಇಬ್ಬರೂ ಬಹಳ ನಕ್ಕಿದ್ದರಂತೆ.