ಲಟಿಕೆ ಮುರಿದ ಕೈ

ಹದಿನಾಲ್ಕು ವರ್ಷದ ನನ್ನ ಮಗಳಿಗೆ ಆಟಿಸಂ ಇದೆ, ಮಾತು ಬರುವುದಿಲ್ಲ. ದಿನಾ ಬೆಳಿಗ್ಗೆ ಶಾಲೆಗೆ ಹೊರಟಾಗ ಎರಡೂ ಕಿವಿಗೆ ಫಟಫಟ ಹೊಡೆದುಕೊಳ್ಳುತ್ತಿದ್ದಳು. ಪಕ್ಕದ ಮನೆಯವಳ ಕಣ್ಣೇ ತಾಗಿದೆ ಎಂದು ಇಡೀ ಹೌಸಿಂಗ್ ಸೊಸೈಟಿಗೆ ಕೇಳುವಂತೆ ಬೈದಿದ್ದೆ. ಲಟಿಕೆ ಮುರಿದು ದೃಷ್ಟಿ ತೆಗೆಯದೆ ಅವಳನ್ನು ಹೊಸ್ತಿಲು ದಾಟಿಸಿದವಳೇ ಅಲ್ಲ ನಾನು.

ಹೊಡೆದುಕೊಳ್ಳುವ ಮುಂಚೆ ಏನೇನಾಗುತ್ತದೆ ಎಂದು ಒಂದು ವಾರ ಬರೆದಿಡಲು ಶಾಲೆಯ ಮರಾಠಿ ಮಾತಾಡುವ ಟೀಚರ್ ಹೇಳಿದರು. ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿ ಗುಮಾಸ್ತರಾದ ನನ್ನ ಗಂಡ ದಿನಾ ಬಾಗಿಲಲ್ಲಿ ನಿಂತು ನೋಡಿ ಒಂದು ವಹಿಯಲ್ಲಿ ಬರೆದರು. ಭಾನುವಾರ ಆ ವಹಿಯನ್ನು ನನ್ನ ಮುಂದಿಟ್ಟರು.

"ಆರೂ ದಿನ ಒಂದ ಅದ ನೋಡು. ನೀ ದೃಷ್ಟಿ ತಗೀತಿ, ನಿನ್ನ ಬೆರಳು ಲಟಲಟ ಅಂತಾವ, ಆಕಿ ಕಿವಿ ಹೊಡ್ಕೋತಾಳ."

"ಹುಚ್ಚರಂಗ ಮಾತಾಡಬ್ಯಾಡ್ರಿ!" ಎಂದು ಕಿರುಚಿದೆ. "ತಾಯಿ ಕೈ ಮಗಳಿಗೆ ಹೆಂಗ ನಾಟ್ತದ?"

ಕಿರುಚಿದ ಮೇಲೆ ನೆನಪಾಯಿತು. ಹೊರಡುವ ಮುಂಚೆ ಅವಳು ನನ್ನ ಹತ್ತೂ ಬೆರಳುಗಳನ್ನು ತನ್ನ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ನನ್ನ ಮೇಲೆ ಎಷ್ಟು ಜೀವ ಎಂದು ನಾನು ಹಿಗ್ಗುತ್ತಿದ್ದೆ. ಹಿಗ್ಗಿ, ಕೈ ಬಿಡಿಸಿಕೊಂಡು, ಅವಳ ಕಿವಿಯ ಹತ್ತಿರವೇ ಲಟಿಕೆ ಮುರಿಯುತ್ತಿದ್ದೆ.