ನೀಲವ್ವನ ಕುಬಸದ ಗಂಟು

ಮೂರು ವರ್ಷಗಳ ಹಿಂದೆ ನಾನು ವಿಜಯಪುರದ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಮೂವತ್ತೆರಡು ವರ್ಷ ಡ್ರೆಸ್ಸಿಂಗ್ ಮಾಡಿದ ಕೈ ಇದು. ನನಗೆ ತಿಳಿಯದ ಗಾಯವಿಲ್ಲ ಎಂಬ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ?

ಕಳ್ಳಕವಟಗಿಯ ನೀಲವ್ವನಿಗೆ (ಹೆಸರು ಬದಲಿಸಿದ್ದೇನೆ) ಆಗ ಐವತ್ನಾಲ್ಕು. ಕ್ಯಾನ್ಸರ್ ಗಡ್ಡೆಯಿದ್ದ ಎಡ ಸ್ತನವನ್ನು ನಮ್ಮಲ್ಲೇ ತೆಗೆದಿದ್ದರು. ಹೊಲಿಗೆ ಬಿಚ್ಚಿದ ಮೇಲೆ ಗಾಯ ನಡುವೆ ಮೂರು ಸೆಂಟಿಮೀಟರ್ ಬಾಯಿ ಬಿಟ್ಟಿತು. ಅದು ಮುಚ್ಚುವವರೆಗೆ ಕೀಮೋ ಕೊಡುವಂತಿಲ್ಲ. ಕೀಮೋ ತಡವಾದರೆ ರೋಗ ಮರಳುವ ಭಯ. ಆಕೆ ಮಗಳು ಭಾಗ್ಯಾಳ ಜೊತೆ ಜಲನಗರದ ತಮ್ಮನ ಮನೆಯಲ್ಲಿದ್ದಳು. ನನ್ನ ಮನೆ ಅಲ್ಲಿಂದ ಎರಡೇ ಓಣಿ. ಡ್ಯೂಟಿ ಮುಗಿಸಿ ದಿನವೂ ಹೋಗಿ ಬರಲು ಸರ್ಜನ್ ಕೇಳಿದರು, ಒಪ್ಪಿಕೊಂಡೆ.

ಅಡುಗೆಮನೆಯ ಹಿಂದಿನ ಸಣ್ಣ ಕೋಣೆ ಆಕೆಯದು. ಕಿಟಕಿಗೆ ಯಾವಾಗಲೂ ಪರದೆ. ಭಾಗ್ಯಾಳ ಲಗ್ನ ಬಬಲೇಶ್ವರದಲ್ಲಿ ಗೊತ್ತಾಗಿತ್ತು. ಈ ರೋಗ ರಕ್ತದಲ್ಲಿ ಇಳಿದು ಬರುತ್ತದೆಂದು ಬೀಗರು ಹಿಂದೆ ಸರಿದಾರು ಎಂಬ ಅಂಜಿಕೆಗೆ, ಊರಿಗೆಲ್ಲ ಸೊಂಟನೋವು ಎಂದೇ ಹೇಳಿದ್ದರು. ಯಾರಿಗೂ ಹೇಳಬಾರದೆಂದು ನನ್ನಿಂದಲೂ ಮಾತು ತೆಗೆದುಕೊಂಡಿದ್ದರು.

ಸಂಜೆ ಐದೂವರೆಗೆ ಹೋಗಿ, ಸಲೈನಿನಿಂದ ತೊಳೆದು, ಗಾಯದೊಳಗೆ ಗಾಜ್ ಬಟ್ಟೆ ಇಟ್ಟು ಪಟ್ಟಿ ಹಚ್ಚುತ್ತಿದ್ದೆ. ಐದು ವಾರವಾದರೂ ಮೂರು ಸೆಂಟಿಮೀಟರ್ ಮೂರೇ ಉಳಿಯಿತು. ಶುಗರ್ ಸರಿಯಿತ್ತು. ಕಲ್ಚರ್ ಪರೀಕ್ಷೆಯಲ್ಲಿ ಸೋಂಕಿರಲಿಲ್ಲ. ಗಾಯದ ಕೆಳಗೆ ಅಡ್ಡಕ್ಕೆ ಕೆಂಪು ಗೆರೆಯೊಂದು ಕಾಣುತ್ತಿತ್ತು. ಪ್ಲಾಸ್ಟರಿನ ಗುರುತು ಎಂದುಕೊಂಡೆ. ಸರಿಯಾಗಿ ಉಣ್ಣುವುದಿಲ್ಲ ಎಂದು ದಿನಾ ಬೈಯುತ್ತಿದ್ದೆ.

“ಉಣತೇನ್ರಿ ಅಕ್ಕಾರ, ಮೈಗೆ ಹತ್ತವಲ್ದು,” ಎನ್ನುತ್ತಿದ್ದಳು.

ಆರನೇ ವಾರದ ಒಂದು ಸಂಜೆ ಪಟ್ಟಿ ಬಿಚ್ಚಿ ಹೊಸ ಗಾಜ್ ಇಡುತ್ತಿದ್ದೆ. ಭಾಗ್ಯಾ ಓಡಿ ಬಂದಳು. “ಅವ್ವಾ, ಬಬಲೇಶ್ವರದ ಅತ್ತಿಯಾರು ಬಂದಾರ!”

ನೀಲವ್ವ ಗಾದಿಯ ಕೆಳಗಿನಿಂದ, ಎದೆಯ ಮುಂದೆ ಗಂಟು ಹಾಕುವ ಖಣದ ಕುಬಸ ಎಳೆದು ತೊಟ್ಟಳು, ಜೊತೆಗೆ ಮಡಚಿದ ಹಳೆ ಧೋತರದ ಗಂಟೊಂದನ್ನು ತೆಗೆದಳು. ಅದನ್ನು ಬಾಯ್ದೆರೆದ ಗಾಯದ ಮೇಲೆಯೇ ಒತ್ತಿ, ಕುಬಸದ ಎರಡೂ ತುದಿ ಜಗ್ಗಿ ಹಲ್ಲು ಕಚ್ಚಿಕೊಂಡು ಬಿಗಿದಳು. ಬಿಗಿತ ಬಿದ್ದದ್ದು ಸರಿಯಾಗಿ ಆ ಕೆಂಪು ಗೆರೆಯ ಮೇಲೆ.

“ಯಾ ಅಲ್ಲಾ! ಏನ್ ಮಾಡಾಕತ್ತಿ ಬೇ?” ಎಂದೆ.

“ಒಂದ ಕಡೆ ಚಪ್ಪಟ ಕಂಡ್ರ ತಿಳಿತೈತ್ರಿ. ಅವರು ಹೋಗೂತನಕ ಅಷ್ಟ.”

“ದಿನಾ ಕಟ್ಟತೀಯೇನು?”

“ಯಾರರ ಬಂದಾಗಷ್ಟ.” ಗಂಟನ್ನು ಇನ್ನಷ್ಟು ಜಗ್ಗುತ್ತ ಹೇಳಿದಳು, “ದಿನಾ ಯಾರರ ಬರತಾರಲ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. “ಬಿಚ್ಚು ಅದನ್ನ. ಇಲ್ಲಂದ್ರ ನಾಳಿಂದ ನಾ ಬರಂಗಿಲ್ಲ!” ಎಂದುಬಿಟ್ಟೆ. ಆ ಮಾತಿಗೆ ಇಂದಿಗೂ ನಾಚಿಕೆಯಾಗುತ್ತದೆ. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅದರಾಚೆ ಬೀಗತಿ, ಈಚೆ ನಾನು.

ಆಕೆ ನನ್ನನ್ನೇ ನೋಡಿದಳು. ಗಂಟು ಬಿಚ್ಚಿ ಸೆರಗು ಹೊದ್ದು, “ಕರಿಯವ್ವಾ ಅವರನ್ನ,” ಎಂದಳು ಮಗಳಿಗೆ.

ಬೀಗತಿ ಬಂದು ಹೊಸ್ತಿಲಲ್ಲೇ ನಿಂತರು.

“ಬೀಗ್ರ, ನಂದು ಸೊಂಟದ ಬ್ಯಾನಿ ಅಲ್ರಿ. ಕ್ಯಾನ್ಸರ್ ಆಗಿ ಎದಿ ತಗದಾರ. ನಿಮಗ ಸುಳ್ಳ ಹೇಳೀನಿ.”

ಅವರು ನನ್ನ ಟ್ರೇ ನೋಡಿದರು, ಆಕೆಯ ಎದೆ ನೋಡಿದರು. “ಮೊದಲ ಹೇಳಬೇಕಿತ್ರಿ,” ಎಂದಷ್ಟೇ ಅಂದು, ಭಾಗ್ಯಾ ತಂದ ಚಹಾ ಮುಟ್ಟದೆ ಹೋದರು. ಎಂಟು ದಿನಕ್ಕೆ ನೀಲವ್ವನ ತಮ್ಮನಿಗೆ ಫೋನ್ ಬಂತು: ಈ ಸಂಬಂಧ ಬೇಡ.

ಅತ್ತ ಗಾಯಕ್ಕೆ ಗಾಳಿ, ಬಿಡುವು ಸಿಕ್ಕಿತ್ತು. ವಾರದೊಳಗೆ ಅಂಚಿನಲ್ಲಿ ಕೆಂಪಗೆ ಹೊಸ ಮಾಂಸ ತುಂಬತೊಡಗಿತು. ಇಪ್ಪತ್ತಾರನೇ ದಿನ ಪೂರ್ತಿ ಮುಚ್ಚಿತು. ಕೀಮೋಗೆ ಸೋಮವಾರ ಬರಬೇಕೆಂದು ಸರ್ಜನ್ ಹೇಳಿದರು. ನನಗೆ ತುಂಬ ಸಂತೋಷವಾಯಿತು. ಕೊನೆಯ ಪಟ್ಟಿ ತೆಗೆಯುತ್ತ, “ನೀ ಭಾಳ ಧೈರ್ಯಾ ಮಾಡಿದಿ, ನೀಲವ್ವಾ,” ಎಂದೆ.

“ಧೈರ್ಯಾ ಎಲ್ಲೀದ್ರಿ, ಅಕ್ಕಾರ?” ಎಂದಳು ಸಾವಕಾಶವಾಗಿ. “ನೀವು ಬೈತೀರಂತ ಐದು ವಾರ ಆ ಕುಬಸ ಮುಚ್ಚಿಟ್ಟೆ. ನೀವು ಬರಂಗಿಲ್ಲಂತ ಅಂಜಿ ಬಿಚ್ಚಿದೆ. ಅವರಿಗಿಂತ ನಿಮಗ ಹೆಚ್ಚಿಗಿ ಅಂಜತಿದ್ನಿ.”

ನೀಲವ್ವ ಕೀಮೋ ಮುಗಿಸಿ ಊರಿಗೆ ಹೋದಳು, ಈಗ ಆರಾಮಿದ್ದಾಳೆ. ನನ್ನ ಕೈಕೆಳಗೆ ಕಲಿತ ಹುಡುಗಿಯರು ಈಗಲೂ ಫೋನ್ ಮಾಡಿ, ಗಾಯ ಮಾಯದಿದ್ದರೆ ಏನು ಪರೀಕ್ಷೆ ಮಾಡಿಸಬೇಕೆಂದು ಕೇಳುತ್ತಾರೆ. ಶುಗರ್, ಕಲ್ಚರ್ ಎಲ್ಲ ಆಮೇಲೆ, ಮೊದಲು ರೋಗಿ ನಿಮಗೆ ಅಂಜುತ್ತಾಳೇನು ನೋಡಿಕೊಳ್ಳಿ ಎನ್ನುತ್ತೇನೆ.