ಮೂಸು, ಕಚ್ಚು, ಆಮೇಲೆ ಹೆಸರು

ಶಿಶುವಿಹಾರಕ್ಕೆ ಆಯಾ ಕೆಲಸಕ್ಕೆಂದು ಬಂದ ಮೊದಲ ದಿನ ಅವಳ ಕೈಯಲ್ಲಿದ್ದದ್ದು ಬೇರುಸಹಿತ ಕಿತ್ತ ಒಂದು ಮೂಲಂಗಿ. ಒರೆಸಿದ ನೆಲದ ಮೇಲೆ ಮಣ್ಣು ಉದುರುತ್ತಿತ್ತು. ದೊಡ್ಡ ಟೀಚರು ಹುಬ್ಬು ಗಂಟಿಕ್ಕುವಷ್ಟರಲ್ಲಿ ಮಕ್ಕಳೆಲ್ಲ ಅವಳನ್ನು ಮುತ್ತಿಕೊಂಡಿದ್ದರು. ಅಂದಿನಿಂದ ಅವಳು ಸೊಪ್ಪಕ್ಕ; ಹಿತ್ತಲಿನ ಮೂಲೆ ಅವಳ ಪಾಠಶಾಲೆ.

ಪಾಠಕ್ಕೆ ಒಂದೇ ಕ್ರಮ. ಮೊದಲು ಮೂಸಬೇಕು, ಆಮೇಲೆ ಕಚ್ಚಬೇಕು, ಹೆಸರು ಕೊನೆಗೆ. ಮೆಂತ್ಯ, ಪುದೀನ, ಬಟಾಣಿ ಎಲ್ಲವನ್ನೂ ಮಕ್ಕಳೇ ಬಿತ್ತಿ, ಮಕ್ಕಳೇ ಕಿತ್ತು ತೊಳೆದು ತಿನ್ನುತ್ತಿದ್ದರು. ತಿನ್ನಬಾರದ್ದನ್ನು ಮಾತ್ರ ಅವಳು ತೋರಿಸುತ್ತಿರಲಿಲ್ಲ. "ಎಳೇ ಮನಸ್ಸಿಗೆ ಯಾಕಮ್ಮ ಹೆದರಿಕೆ?" ಎನ್ನುತ್ತಿದ್ದಳು. ಮೆಂತ್ಯಕ್ಕೆ ಮುಖ ಸಿಂಡರಿಸಿದವರಿಗೆ, "ಉಗೀಬೇಡ್ರೋ, ಕಹಿ ಹೊಟ್ಟೆಗೆ ಒಳ್ಳೇದು."

ದರ್ಜಿಯ ಮಗಳು ಗುಬ್ಬಿ, ಊಟವೆಂದರೆ ಬಾಯಿಗೆ ಬೀಗ ಹಾಕಿಕೊಳ್ಳುವ ಹುಡುಗಿ.

"ಏನೇ ಗುಬ್ಬಿ, ಕಚ್ತೀಯೋ, ಮೂಸ್ತಾನೇ ಇರ್ತೀಯೋ?"

"ನೀನು ಮೊದ್ಲು ಕಚ್ಚು."

"ಕಚ್ಚಿ ಕಚ್ಚೇ ಕಣೇ ನನ್ನ ಹಲ್ಲು ಹೋಗಿರೋದು!"

ಗುಬ್ಬಿ ಕಿಲಕಿಲ ನಕ್ಕಳು. ನಕ್ಕ ಬಾಯೊಳಗೆ ಬಟಾಣಿ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಅವಳ ಕೆನ್ನೆಗಳು ತುಂಬಿಕೊಂಡವು. ಅವಳ ತಾಯಿ ಬಾಗಿಲಲ್ಲಿ ನಿಂತು, "ಅಕ್ಕಾ, ನಿನ್ನೆ ತಟ್ಟೆ ಖಾಲಿ ಮಾಡಿದ್ಲು" ಎಂದು ಕಣ್ಣೊರೆಸಿಕೊಂಡಳು.

ರಜೆಯಲ್ಲಿ ದರ್ಜಿಯ ಮನೆಯ ಗೋಡೆ ಪಕ್ಕದ ಕಣಗಿಲೆ ಮೈತುಂಬ ಹೂ ಬಿಟ್ಟಿತ್ತು. ಗುಬ್ಬಿ ಗೊಂಬೆಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಎಲೆ ಮೂಸಿದಳು, ಕಚ್ಚಿದಳು. ಹೆಸರು ಹೇಳುವವರು ಅಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಮಗು ಉಳಿಯಲಿಲ್ಲ.

ಸೊಪ್ಪಕ್ಕ ದರ್ಜಿಯ ಮನೆಗೆ ಹೋದಾಗ ತಾಯಿ ಬೈಯಲಿಲ್ಲ. ಹೊಲಿಗೆ ಯಂತ್ರಕ್ಕೆ ಒರಗಿ ಕುಳಿತಿದ್ದವಳು, "ಉಗುಳೇ ಉಗುಳೇ ಅಂತ ಓಡಿಬಂದೆ ಅಕ್ಕಾ. 'ಕಹಿ ಒಳ್ಳೇದಂತೆ, ಅಕ್ಕ ಹೇಳಿದಾಳೆ' ಅಂದು ನುಂಗಿಬಿಟ್ಲು" ಎಂದಷ್ಟೇ ಹೇಳಿದಳು.

ಶಿಶುವಿಹಾರದವರು ಹಿತ್ತಲಿಗೆ ಸಿಮೆಂಟು ಹಾಕಿಸಿದರು. ಸೊಪ್ಪಕ್ಕನನ್ನು ಯಾರೂ ಹೋಗೆನ್ನಲಿಲ್ಲ, ತಾನಾಗಿಯೇ ಹೋದಳು.

ಈಗ ಅವಳು ಬಸ್ ನಿಲ್ದಾಣದೆದುರಿನ ಹೋಟೆಲಿನಲ್ಲಿ ಸೊಪ್ಪು ಬಿಡಿಸುತ್ತಾಳೆ. ಒಂದೊಂದು ಎಲೆಯನ್ನೂ ಎರಡೂ ಬದಿ ತಿರುವಿ ನೋಡುತ್ತಾಳೆ. "ಸೊಪ್ಪು ಬಿಡಿಸ್ತಿದೀಯೋ, ಅದರ ಕ್ಷೇಮಸಮಾಚಾರ ವಿಚಾರಿಸ್ತಿದೀಯೋ?" ಎಂದು ಅಡುಗೆಯವನು ರೇಗುತ್ತಾನೆ. ಮೊನ್ನೆ ಅವನ ಪುಟ್ಟ ಮೊಮ್ಮಗಳು ರಾಶಿಗೆ ಕೈ ಹಾಕಿ ಒಂದೆಳೆ ಬಾಯಿಗಿಡಹೊರಟಳು. ಯಾವ ಮಗುವಿನ ಮೇಲೂ ಕೈಯೆತ್ತದ ಸೊಪ್ಪಕ್ಕ ಆ ಕೈಗೆ ಫಟ್ಟನೆ ಹೊಡೆದಳು.

"ಮೊದ್ಲು ಹೆಸರು ಕೇಳು!"

ಮಗು ಬಿಕ್ಕುತ್ತ, "ಏನಿದು?" ಎಂದಿತು.

"ಕೊತ್ತಂಬರಿ."

"ತಿನ್ಲಾ?"

ಸೊಪ್ಪಕ್ಕ ಆ ಎಳೆಯನ್ನು ಮಗುವಿನ ಕೈಯಿಂದ ಬಿಡಿಸಿಕೊಂಡು ಮತ್ತೊಮ್ಮೆ ತಿರುವಿ ನೋಡತೊಡಗಿದಳು.